ಊಟಿ ರೈಲು ನ್ಯಾರೋಗೇಜ್ ಅಲ್ಲ! ಪುಟ್ಟ ರೈಲಿನ ಪ್ರವಾಸಕ್ಕೆ ಹೊರಡುವ ಮುನ್ನ ಇಷ್ಟು ತಿಳಿದಿರಲಿ

ಬೇಸಿಗೆ ರಜೆ ಹತ್ತಿರ ಬಂತೆಂದರೆ ಫ್ಯಾಮಿಲಿ ಗ್ರೂಪುಗಳಲ್ಲಿ ಒಂದು ಬಗೆಯ ಮೆಸೇಜ್ ಓಡಾಡಲು ಶುರುವಾಗುತ್ತದೆ. ಹಸಿರು ಬೆಟ್ಟ, ಹೊಗೆ ಬಿಡುತ್ತಾ ಸಾಗುವ ನೀಲಿ ರೈಲು, ಕೆಳಗೆ ಒಂದಿಷ್ಟು ಸಾಲು: "ಊಟಿಯ ನ್ಯಾರೋಗೇಜ್ ಟಾಯ್ ಟ್ರೈನ್, ವರ್ಷವಿಡೀ ಲಭ್ಯ, ಸ್ಟೇಷನ್ನಿಗೆ ಹೋದರೆ ಸಾಕು, ಟಿಕೆಟ್ ಸಿಗುತ್ತೆ. ಬುಕಿಂಗಿಗೆ ಈ ಲಿಂಕ್ ಒತ್ತಿ." ಜೊತೆಗಿರುವ ಫೋಟೋ ಕೆಲವೊಮ್ಮೆ ಊಟಿಯದು, ಕೆಲವೊಮ್ಮೆ ಡಾರ್ಜಿಲಿಂಗಿನದು, ಇನ್ನು ಕೆಲವೊಮ್ಮೆ ನಮ್ಮ ದೇಶದ್ದೇ ಅಲ್ಲ.

ಇದರಲ್ಲೇನು ದೊಡ್ಡ ಅಪಾಯ ಅನ್ನಬಹುದು. ಆದರೆ ಇಂಥ ಮೆಸೇಜನ್ನು ನಂಬಿ ಅಜ್ಜ-ಅಜ್ಜಿ, ಮಕ್ಕಳನ್ನು ಕರೆದುಕೊಂಡು ರಾತ್ರಿಯಿಡೀ ಪ್ರಯಾಣ ಮಾಡಿ ಹೋದವರಿಗೆ ಬೆಳಗ್ಗೆ ಏಳು ಗಂಟೆಗೆ ಸ್ಟೇಷನ್ನಿನಲ್ಲಿ "ರೈಲು ರದ್ದು" ಎಂಬ ಬೋರ್ಡ್ ಕಂಡರೆ ಹೇಗಿರುತ್ತದೆ? ಅಪರಿಚಿತ ಲಿಂಕಿನಲ್ಲಿ ಹಣ ಕಟ್ಟಿದವರ ಪಾಡು ಅದಕ್ಕಿಂತ ಕಷ್ಟ. ಹಾಗಾಗಿ ಈ ಮೆಸೇಜಿನ ಒಂದೊಂದೇ ಮಾತನ್ನು ಹಿಡಿದು ನೋಡೋಣ. ನೋಡುತ್ತಾ ಹೋದಂತೆ ನಿಮ್ಮ ಪ್ರವಾಸದ ಪ್ಲಾನ್ ಕೂಡ ಸಿದ್ಧವಾಗುತ್ತದೆ.

ಮೊದಲು, ನ್ಯಾರೋಗೇಜ್ ಅಂದರೇನು?

ಎರಡು ಹಳಿಗಳ ಒಳಬದಿಯಿಂದ ಒಳಬದಿಗೆ ಇರುವ ಅಂತರವೇ ಗೇಜ್. ಹಳಿಯ ನಡುವಿನಿಂದ ಅಥವಾ ಹೊರಬದಿಯಿಂದ ಅಳೆಯುವುದಲ್ಲ. ಭಾರತದಲ್ಲಿ ಇವತ್ತು ಹೆಚ್ಚಾಗಿ ಕಾಣುವುದು ಬ್ರಾಡ್‌ಗೇಜ್, ಅಂದರೆ 1676 ಮಿಲಿಮೀಟರ್ (ಐದೂವರೆ ಅಡಿ). ಮೀಟರ್‌ಗೇಜ್ ಹೆಸರೇ ಹೇಳುವಂತೆ 1000 ಮಿ.ಮೀ. ಅದಕ್ಕಿಂತ ಕಿರಿದಾದದ್ದು ನ್ಯಾರೋಗೇಜ್. ಅದರಲ್ಲಿ ನಮ್ಮಲ್ಲಿ ಎರಡು ಬಗೆ: ಎರಡೂವರೆ ಅಡಿಯ 762 ಮಿ.ಮೀ. ಮತ್ತು ಎರಡು ಅಡಿಯ 610 ಮಿ.ಮೀ. ಮಕ್ಕಳ ಒಂದು ಅಡಿಯ ಸ್ಕೇಲುಗಳೆರಡನ್ನು ಉದ್ದಕ್ಕೆ ಜೋಡಿಸಿಟ್ಟರೆ ಎಷ್ಟಾಗುತ್ತದೋ ಡಾರ್ಜಿಲಿಂಗ್ ರೈಲಿನ ಹಳಿಗಳ ಅಂತರ ಅಷ್ಟೇ!

ಈಗ ಮುಖ್ಯ ಮಾತು. ಮೇಟ್ಟುಪಾಳಯದಿಂದ ಊಟಿಗೆ ಹೋಗುವ ನೀಲಗಿರಿ ಬೆಟ್ಟದ ರೈಲು ಓಡುವುದು 1000 ಮಿ.ಮೀ. ಹಳಿಯ ಮೇಲೆ. ಅದು ಮೀಟರ್‌ಗೇಜ್. ಬೋಗಿ ಚಿಕ್ಕದಾಗಿ ಕಾಣುತ್ತದೆ, ಎಲ್ಲರೂ ಟಾಯ್ ಟ್ರೈನ್ ಅನ್ನುತ್ತಾರೆ, ಹಾಗಾಗಿ ನ್ಯಾರೋಗೇಜ್ ಎಂಬ ತಪ್ಪು ತಿಳಿವಳಿಕೆ ಗಟ್ಟಿಯಾಗಿ ಕೂತುಬಿಟ್ಟಿದೆ.

ಹಾಗಾದರೆ ನಿಜವಾದ ನ್ಯಾರೋಗೇಜ್ ಪಾರಂಪರಿಕ ರೈಲುಗಳು ಯಾವುವು? ಹೆಸರುವಾಸಿಯಾದವು ಇವು:

- ಡಾರ್ಜಿಲಿಂಗ್ ಹಿಮಾಲಯನ್ ರೈಲು: 610 ಮಿ.ಮೀ. 1881ರಲ್ಲಿ ಡಾರ್ಜಿಲಿಂಗ್ ತಲುಪಿತು. ನ್ಯೂ ಜಲ್ಪಾಯಿಗುರಿಯಿಂದ ಡಾರ್ಜಿಲಿಂಗ್‌ಗೆ ಸುಮಾರು 88 ಕಿ.ಮೀ.
- ಕಾಲ್ಕಾ–ಶಿಮ್ಲಾ ರೈಲು: 762 ಮಿ.ಮೀ. 1903ರಲ್ಲಿ ಶುರು. ಸುಮಾರು 96 ಕಿ.ಮೀ.
- ನೇರಳ್–ಮಾಥೇರಾನ್ ರೈಲು, ಮಹಾರಾಷ್ಟ್ರ: 610 ಮಿ.ಮೀ. 1907ರಲ್ಲಿ ಶುರು. ಸುಮಾರು 21 ಕಿ.ಮೀ.
- ಕಾಂಗ್ಡಾ ಕಣಿವೆ ರೈಲು, ಪಠಾಣ್‌ಕೋಟ್‌ನಿಂದ ಜೋಗಿಂದರ್‌ನಗರ: 762 ಮಿ.ಮೀ. 1929ರಲ್ಲಿ ಶುರು. 164 ಕಿ.ಮೀ.

ಡಾರ್ಜಿಲಿಂಗ್ 1999ರಲ್ಲಿ, ನೀಲಗಿರಿ 2005ರಲ್ಲಿ, ಕಾಲ್ಕಾ–ಶಿಮ್ಲಾ 2008ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. "ಭಾರತದ ಬೆಟ್ಟದ ರೈಲುಗಳು" ಎಂದು ಮೂರಕ್ಕೂ ಸೇರಿಸಿ ಒಂದೇ ಹೆಸರಿದೆ. ಆ ಹೆಸರಿನಲ್ಲಿ ನ್ಯಾರೋಗೇಜ್ ಅನ್ನುವ ಪದ ಇಲ್ಲದಿರುವುದನ್ನು ಗಮನಿಸಿ.

ಸಿನಿಮಾ ನೋಡಿ ಗೊಂದಲವಾಗುವವರೂ ಇದ್ದಾರೆ. 'ಆರಾಧನಾ' ಚಿತ್ರದಲ್ಲಿ ಜೀಪಿನ ಪಕ್ಕ ಓಡುವುದು ಡಾರ್ಜಿಲಿಂಗ್ ರೈಲು. 'ದಿಲ್ ಸೇ' ಚಿತ್ರದಲ್ಲಿ ಶಾರುಖ್ ಖಾನ್ ಮೇಲೆ ನಿಂತು ಕುಣಿಯುವುದು ನೀಲಗಿರಿ ರೈಲು. ಎರಡೂ ಬೇರೆ ಬೇರೆ, ಎರಡರ ಹಳಿಯೂ ಬೇರೆ.

ಹಳಿ ಕಿರಿದಾಗಿಸಿದ್ದು ಯಾಕೆ? ಬರೀ ದುಡ್ಡು ಉಳಿಸೋಕಾ?

ದುಡ್ಡು ಒಂದು ಕಾರಣ ಹೌದು. ಕಿರಿದಾದ ಹಳಿಗೆ ಬೆಟ್ಟ ಕಡಿಯುವ ಕೆಲಸ ಕಡಿಮೆ, ಸುರಂಗ ಚಿಕ್ಕದು, ಸೇತುವೆ ಹಗುರ. ಆದರೆ ಅದಕ್ಕಿಂತ ಸೊಗಸಾದ ಕಾರಣವೊಂದು ತಿರುವಿನಲ್ಲಿದೆ.

ಕಾರಿನ ಎರಡು ಹಿಂಬದಿ ಚಕ್ರಗಳು ತಿರುವಿನಲ್ಲಿ ಬೇರೆ ಬೇರೆ ವೇಗದಲ್ಲಿ ತಿರುಗಬಲ್ಲವು. ರೈಲಿನಲ್ಲಿ ಹಾಗಿಲ್ಲ. ಎರಡೂ ಚಕ್ರ ಒಂದೇ ಅಚ್ಚಿಗೆ ಬಿಗಿದಿರುತ್ತವೆ, ಒಟ್ಟಿಗೇ ತಿರುಗಬೇಕು. ಆದರೆ ತಿರುವಿನಲ್ಲಿ ಹೊರಗಿನ ಹಳಿ ಒಳಗಿನದಕ್ಕಿಂತ ಉದ್ದ. ರೈಲು ಒಂದು ಪೂರ್ತಿ ಸುತ್ತು ಹಾಕಿತು ಅಂದುಕೊಳ್ಳಿ. ಬ್ರಾಡ್‌ಗೇಜಿನಲ್ಲಿ ಹೊರಗಿನ ಚಕ್ರ ಸುಮಾರು ಹತ್ತೂವರೆ ಮೀಟರ್ ಹೆಚ್ಚು ಓಡಬೇಕು. 610 ಮಿ.ಮೀ. ಹಳಿಯಲ್ಲಿ ಬರೀ 3.8 ಮೀಟರ್ ಹೆಚ್ಚು ಓಡಿದರೆ ಸಾಕು. ವೃತ್ತ ದೊಡ್ಡದಿರಲಿ ಚಿಕ್ಕದಿರಲಿ ಈ ವ್ಯತ್ಯಾಸ ಬದಲಾಗುವುದಿಲ್ಲ, ಏಕೆಂದರೆ ಅದು ಹಳಿಗಳ ಅಂತರವನ್ನು ಮಾತ್ರ ಅವಲಂಬಿಸಿದೆ. ನಂಬಿಕೆ ಬರದಿದ್ದರೆ ಮಕ್ಕಳ ಗಣಿತದ ಪುಸ್ತಕದಲ್ಲಿರುವ ವೃತ್ತದ ಸುತ್ತಳತೆಯ ಸೂತ್ರ ಹಾಕಿ ನೋಡಿ.

ಚಕ್ರದ ಅಂಚು ಸ್ವಲ್ಪ ಇಳಿಜಾರಾಗಿರುವುದರಿಂದ ಈ ವ್ಯತ್ಯಾಸದಲ್ಲಿ ಒಂದಿಷ್ಟು ಸರಿದೂಗುತ್ತದೆ. ಉಳಿದದ್ದು ಚಕ್ರ ಹಳಿಯ ಮೇಲೆ ಕಿರ್ರೆಂದು ಜಾರುತ್ತಾ, ಸವೆಯುತ್ತಾ ತೀರಬೇಕು. ಆದ್ದರಿಂದ ಹಳಿ ಕಿರಿದಾದಷ್ಟೂ ಕಡಿದಾದ ತಿರುವು ತೆಗೆದುಕೊಳ್ಳುವುದು ಸುಲಭ. ಬೆಟ್ಟದ ಮೈಗೆ ಅಂಟಿಕೊಂಡು ಸಾಗಲು ಬೇಕಾದದ್ದು ಇದೇ.

ಏರುವುದಕ್ಕೂ ಒಂದೊಂದು ರೈಲಿನದು ಒಂದೊಂದು ಉಪಾಯ. ಡಾರ್ಜಿಲಿಂಗ್ ರೈಲು ಸುತ್ತು ಹಾಕಿ ತನ್ನದೇ ಹಳಿಯ ಮೇಲೆ ದಾಟುತ್ತದೆ, ಕೆಲವು ಕಡೆ ಮುಂದೆ ಹೋಗಿ, ಹಿಂದೆ ಬಂದು, ಮತ್ತೆ ಮುಂದೆ ಹೋಗಿ ಝಡ್ ಆಕಾರದಲ್ಲಿ ಏರುತ್ತದೆ. ಹಳಿ ಜಾರದಿರಲೆಂದು ಎಂಜಿನ್ನಿನ ಮುಂದೆ ಕೂತವರು ಕೈಯಿಂದ ಮರಳು ಹಾಕುವ ಪದ್ಧತಿಯೂ ಇದೆ. ನೀಲಗಿರಿ ರೈಲಿನದು ಇನ್ನೊಂದು ದಾರಿ. ಕಲ್ಲಾರ್‌ನಿಂದ ಕೂನೂರಿನವರೆಗೆ ಹಳಿಗಳ ನಡುವೆ ಗರಗಸದಂಥ ಹಲ್ಲಿನ ಪಟ್ಟಿ ಇದೆ. ಎಂಜಿನ್ನಿನ ಹಲ್ಲುಚಕ್ರ ಅದಕ್ಕೆ ಕಚ್ಚಿಕೊಂಡು ಮೇಲೇರುತ್ತದೆ. ಅಲ್ಲಿನ ಕಡಿದಾದ ಏರು 12 ಮೀಟರ್ ಸಾಗಿದರೆ 1 ಮೀಟರ್ ಮೇಲೆ. ಎಂಜಿನ್ ಎಳೆಯುವುದಿಲ್ಲ, ಹಿಂದಿನಿಂದ ತಳ್ಳುತ್ತದೆ. ಕಾಲ್ಕಾ–ಶಿಮ್ಲಾದಲ್ಲಿ ಹಲ್ಲುಪಟ್ಟಿಯೂ ಇಲ್ಲ, ಝಡ್ ತಿರುವೂ ಇಲ್ಲ. ಸುರಂಗ, ಸೇತುವೆ, ತಿರುವುಗಳಲ್ಲೇ ನಿಧಾನವಾಗಿ ಏರುತ್ತದೆ.

ಅಂದರೆ ಟಾಯ್ ಟ್ರೈನ್ ಎಂಬ ಹೆಸರಷ್ಟೇ ಆಟಿಕೆಯದು. ಕೆಲಸ ಮಾತ್ರ ಗಟ್ಟಿ ಎಂಜಿನಿಯರಿಂಗಿನದು.

"ವರ್ಷವಿಡೀ ಲಭ್ಯ" ನಿಜವೇ?

ಅಲ್ಲ. ಈ ಮೆಸೇಜಿನಲ್ಲಿ ಹೆಚ್ಚು ನಷ್ಟ ತರುವ ಮಾತು ಇದೇ.

ಬೆಟ್ಟದ ರೈಲಿನ ದೊಡ್ಡ ಶತ್ರು ಮಳೆ. ಮಾಥೇರಾನ್ ರೈಲು ಸಾಮಾನ್ಯವಾಗಿ ಜೂನ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ನೇರಳ್‌ನಿಂದ ಓಡುವುದಿಲ್ಲ. ಆಗ ಮೇಲಿನ ತುದಿಯಲ್ಲಿ ಅಮನ್ ಲಾಡ್ಜ್ ಮತ್ತು ಮಾಥೇರಾನ್ ನಡುವೆ ಮಾತ್ರ ಪುಟ್ಟ ಓಡಾಟ ಇರುತ್ತದೆ. 2019ರ ಮಳೆಗೆ ಹಾಳಾದ ಹಳಿ ಸರಿಯಾಗಿ, ನೇರಳ್‌ನಿಂದ ರೈಲು ಮತ್ತೆ ಹೊರಟಿದ್ದು 2022ರ ಅಕ್ಟೋಬರಿನಲ್ಲಿ. ಡಾರ್ಜಿಲಿಂಗ್ ಮಾರ್ಗದಲ್ಲಿ 2010ರ ಭೂಕುಸಿತದ ನಂತರ ಪೂರ್ತಿ ಪ್ರಯಾಣ ಮತ್ತೆ ಶುರುವಾಗಲು 2015ರ ಡಿಸೆಂಬರ್ ಬರಬೇಕಾಯಿತು. ಕಾಂಗ್ಡಾ ಮಾರ್ಗದ ಚಕ್ಕಿ ಸೇತುವೆ 2022ರ ಆಗಸ್ಟಿನಲ್ಲಿ ಪ್ರವಾಹಕ್ಕೆ ಕುಸಿಯಿತು.

2023ರ ಆಗಸ್ಟಿನಲ್ಲಿ ಶಿಮ್ಲಾದ ಸಮ್ಮರ್‌ಹಿಲ್ ಬಳಿ ಕೆಳಗಿನ ಮಣ್ಣೆಲ್ಲ ಕೊಚ್ಚಿಹೋಗಿ ಹಳಿ ಮಾತ್ರ ಗಾಳಿಯಲ್ಲಿ ಹಗ್ಗದಂತೆ ತೂಗಾಡುತ್ತಿದ್ದ ವಿಡಿಯೋ ನೀವೂ ನೋಡಿರಬಹುದು. ಅದು ನಿಜವಾದ ವಿಡಿಯೋ. ಆದರೆ ಆ ವರ್ಷದ ಅಕ್ಟೋಬರಿನಲ್ಲೇ ಮಾರ್ಗ ಸರಿಯಾಗಿ ಶಿಮ್ಲಾದವರೆಗೆ ರೈಲು ಮತ್ತೆ ಓಡಿತು. ನಿಜವಾದ ವಿಡಿಯೋ ಕೂಡ ತಾರೀಖಿಲ್ಲದೆ ಬಂದರೆ ಸುಳ್ಳು ಹೇಳಬಲ್ಲದು. ಇಂಥದ್ದು ಕಂಡಾಗ ಮೊದಲ ಪ್ರಶ್ನೆ "ಯಾವಾಗಿನದು?" ಎಂದೇ ಇರಲಿ.

ನೀಲಗಿರಿಯ ವಿಷಯದಲ್ಲಿ ನಮ್ಮವರು ಎಡವುವುದು ಇನ್ನೊಂದು ಕಾರಣಕ್ಕೆ. ಕರ್ನಾಟಕದಲ್ಲಿ ಮಳೆಗಾಲ ಅಂದರೆ ಜೂನ್‌ನಿಂದ ಸೆಪ್ಟೆಂಬರ್. ದಸರಾ ಮುಗಿಯಿತು, ಮಳೆ ನಿಂತಿತು, ಊಟಿಗೆ ಹೋಗೋಣ ಅನ್ನುತ್ತೇವೆ. ಆದರೆ ಆ ಕಡೆಯ ಇಳಿಜಾರಿಗೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರು ಜೋರು. ಕಲ್ಲಾರ್–ಕೂನೂರು ನಡುವೆ ಮಣ್ಣು, ಮರ ಹಳಿಗೆ ಬಿದ್ದು ರೈಲು ರದ್ದಾಗುವುದು ಈ ತಿಂಗಳುಗಳಲ್ಲೇ ಹೆಚ್ಚು.

ಹಾಗಾದರೆ ಯಾವಾಗ ಹೋಗುವುದು? ಕಾಂಚನಜುಂಗಾ ಶಿಖರ ಕಾಣಬೇಕು ಅನ್ನುವವರಿಗೆ ಡಾರ್ಜಿಲಿಂಗ್‌ಗೆ ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಒಳ್ಳೆಯದು. ನೀಲಗಿರಿಗೆ ಜನವರಿಯಿಂದ ಮಾರ್ಚ್ ಅನುಕೂಲ. ಏಪ್ರಿಲ್, ಮೇಯಲ್ಲಿ ಹವೆ ಚೆನ್ನ, ಆದರೆ ಜನಜಾತ್ರೆ. ಶಿಮ್ಲಾಕ್ಕೆ ಮಾರ್ಚ್‌ನಿಂದ ಜೂನ್ ಮೊದಲ ವಾರ, ಮಳೆ ಮುಗಿದ ಮೇಲೆ ಅಕ್ಟೋಬರ್, ನವೆಂಬರ್. ಮಾಥೇರಾನ್‌ಗೆ ನವೆಂಬರ್‌ನಿಂದ ಫೆಬ್ರವರಿ. ಯಾವ ತಿಂಗಳಾದರೂ ಹೊರಡುವ ಹಿಂದಿನ ದಿನ ರೈಲ್ವೆಯ 139 ಸಂಖ್ಯೆಗೆ ಕರೆ ಮಾಡಿ ರೈಲು ಓಡುತ್ತಿದೆಯೇ ಎಂದು ಕೇಳಿಕೊಳ್ಳಿ.

"ಸ್ಟೇಷನ್ನಿಗೆ ಹೋದರೆ ಟಿಕೆಟ್ ಸಿಗುತ್ತೆ" ನಿಜವೇ?

ಅದೃಷ್ಟ ಚೆನ್ನಾಗಿದ್ದರೆ ಸಿಗಬಹುದು. ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗುವವರು ಅದೃಷ್ಟ ನಂಬಿ ಹೊರಡಬಾರದು. ಪುಟ್ಟ ರೈಲಿನಲ್ಲಿ ಬೋಗಿಗಳು ಬೆರಳೆಣಿಕೆಯಷ್ಟು, ಸೀಟುಗಳೂ ಅಷ್ಟೇ ಕಡಿಮೆ. ರಜೆ ದಿನಗಳಲ್ಲಿ ಬುಕಿಂಗ್ ತೆರೆದ ಕೂಡಲೇ ತುಂಬಿಬಿಡುತ್ತವೆ.

"ನಾಲ್ಕು ತಿಂಗಳ ಮೊದಲೇ ಬುಕ್ ಮಾಡಿ" ಎಂಬ ಸಲಹೆಯೂ ಈಗ ಹಳತು. 2024ರ ನವೆಂಬರ್ 1ರಿಂದ ಮುಂಗಡ ಬುಕಿಂಗಿನ ಅವಧಿಯನ್ನು ರೈಲ್ವೆ 120 ದಿನದಿಂದ 60 ದಿನಕ್ಕೆ ಇಳಿಸಿದೆ. ಆದ್ದರಿಂದ ಹೊರಡುವ ದಿನದಿಂದ ಹಿಂದಕ್ಕೆ 60 ದಿನ ಎಣಿಸಿ, ಆ ಬೆಳಗ್ಗೆಗೆ ಫೋನಿನಲ್ಲಿ ಅಲಾರಂ ಇಡಿ.

ಹುಡುಕುವಾಗ ಎದುರಾಗುವ ಸಣ್ಣ ತೊಡಕು: ಐಆರ್‌ಸಿಟಿಸಿಯಲ್ಲಿ ಸ್ಟೇಷನ್ನಿನ ಹೆಸರು "ಊಟಿ" ಅಲ್ಲ, "ಉದಗಮಂಡಲಂ". ಅದರ ಕೋಡ್ ಯುಎಎಂ. ಮೇಟ್ಟುಪಾಳಯ ಎಂಟಿಪಿ, ಕಾಲ್ಕಾ ಕೆಎಲ್‌ಕೆ, ಶಿಮ್ಲಾ ಎಸ್‌ಎಂಎಲ್, ನ್ಯೂ ಜಲ್ಪಾಯಿಗುರಿ ಎನ್‌ಜೆಪಿ, ಡಾರ್ಜಿಲಿಂಗ್ ಡಿಜೆ.

ಡಾರ್ಜಿಲಿಂಗ್‌ನಲ್ಲಿ ಎರಡು ಬಗೆಯ ಪ್ರಯಾಣ ಇದೆ ಎಂಬುದು ಬಹಳ ಜನರಿಗೆ ಗೊತ್ತಿರುವುದಿಲ್ಲ. ಒಂದು, ನ್ಯೂ ಜಲ್ಪಾಯಿಗುರಿಯಿಂದ ಪೂರ್ತಿ ಪ್ರಯಾಣ. ಇದಕ್ಕೆ ಏಳು ಗಂಟೆಗೂ ಹೆಚ್ಚು ಬೇಕು. ಇನ್ನೊಂದು, ಡಾರ್ಜಿಲಿಂಗ್‌ನಿಂದ ಘೂಮ್‌ಗೆ ಹೋಗಿ ವಾಪಸ್ ಬರುವ ಜಾಯ್ ರೈಡ್. ಸುಮಾರು ಎರಡು ಗಂಟೆ. ನಡುವೆ ಬತಾಸಿಯಾ ಲೂಪಿನಲ್ಲಿ ನಿಲ್ಲುತ್ತದೆ. ವಯಸ್ಸಾದವರು, ಪುಟ್ಟ ಮಕ್ಕಳು ಇದ್ದರೆ ಜಾಯ್ ರೈಡ್ ಸಾಕು. ಉಗಿ ಎಂಜಿನ್ನಿನ ಜಾಯ್ ರೈಡ್‌ಗೆ ಡೀಸೆಲ್‌ಗಿಂತ ದರ ಹೆಚ್ಚು. ಬುಕ್ ಮಾಡುವಾಗ ಯಾವುದೆಂದು ನೋಡಿಕೊಳ್ಳಿ.

ಊಟಿ ರೈಲಿನಲ್ಲೂ ಇದೇ ಮಾತು. ಮೇಟ್ಟುಪಾಳಯದಿಂದ ಕೂನೂರಿನವರೆಗೆ ಉಗಿ ಎಂಜಿನ್, ಅಲ್ಲಿಂದ ಊಟಿಗೆ ಡೀಸೆಲ್. "ಹೊಗೆ ಬಿಡುವ ಎಂಜಿನ್ ನೋಡಬೇಕು" ಎಂದು ಮಕ್ಕಳು ಹಟ ಹಿಡಿದಿದ್ದರೆ, ಊಟಿ–ಕೂನೂರು ನಡುವಿನ ಟಿಕೆಟ್ ತೆಗೆದುಕೊಂಡು ಹೋದಾಗ ಅವರಿಗೆ ಬೇಸರವಾದೀತು. ಪೂರ್ತಿ 46 ಕಿ.ಮೀ. ಏರಲು ಸುಮಾರು ಐದು ಗಂಟೆ, ಇಳಿಯಲು ಮೂರೂವರೆ ಗಂಟೆ ಹಿಡಿಯುತ್ತದೆ.

ಮೈಸೂರು ಕಡೆಯಿಂದ ಕಾರಿನಲ್ಲಿ ಹೋಗುವವರಿಗೆ ಎರಡು ಮಾತು. ಬಂಡೀಪುರದ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರ ನಿರ್ಬಂಧ ಇದೆ. 2024ರ ಮೇಯಿಂದ ನೀಲಗಿರಿಗೆ ಹೋಗುವ ಖಾಸಗಿ ವಾಹನಗಳಿಗೆ ಇ-ಪಾಸ್ ಪದ್ಧತಿಯೂ ಬಂದಿದೆ. ಹೊರಡುವ ಮುನ್ನ ಈಗಿನ ನಿಯಮ ನೋಡಿಕೊಳ್ಳಿ. ಇಳಿಯುವ ರೈಲನ್ನು ಊಟಿಯಲ್ಲೇ ಹಿಡಿದರೆ ಬೆಳಗಿನ ಏಳಕ್ಕೆ ಮೇಟ್ಟುಪಾಳಯ ಮುಟ್ಟುವ ಓಟ ತಪ್ಪುತ್ತದೆ.

"ಬುಕಿಂಗಿಗೆ ಈ ಲಿಂಕ್ ಒತ್ತಿ"

ಒತ್ತಬೇಡಿ. ಈ ರೈಲುಗಳ ಆನ್‌ಲೈನ್ ಟಿಕೆಟಿಗೆ ಐಆರ್‌ಸಿಟಿಸಿ ಆ್ಯಪ್ ಅಥವಾ ವೆಬ್‌ಸೈಟ್ ಸಾಕು. ವಾಟ್ಸಾಪಿನಲ್ಲಿ ಬಂದ ಲಿಂಕ್, "ಯುನೆಸ್ಕೋ ಸ್ಪೆಷಲ್ ಆಫರ್", "ಕೊನೇ ಐದು ಸೀಟು" ಎಂಬ ಅವಸರದ ಮಾತು, ಹಣವನ್ನು ಯಾರದೋ ಹೆಸರಿನ ಯುಪಿಐ ನಂಬರಿಗೆ ಹಾಕಿ ಎಂಬ ಸೂಚನೆ, ಇವುಗಳಲ್ಲಿ ಒಂದಿದ್ದರೂ ಅಲ್ಲಿಗೇ ನಿಲ್ಲಿಸಿ. ಹಣ ಹೋಗಿಬಿಟ್ಟಿದ್ದರೆ ನಾಚಿಕೊಂಡು ಸುಮ್ಮನಿರಬೇಡಿ. ಕೂಡಲೇ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಎತ್ತರಕ್ಕೆ ಹೋದರೆ ಆಮ್ಲಜನಕ ಕಡಿಮೆ, ಕರ್ಪೂರ ಮೂಸಿದರೆ ಸರಿಹೋಗುತ್ತಾ?

ಬೆಟ್ಟದ ಪ್ರವಾಸದ ಮಾತು ಬಂದಾಗಲೆಲ್ಲ ಈ ಸಲಹೆ ಜೊತೆಗೇ ಬರುತ್ತದೆ. ಡಾರ್ಜಿಲಿಂಗ್ ಮಾರ್ಗದ ಘೂಮ್ ನಿಲ್ದಾಣ ಸಮುದ್ರಮಟ್ಟದಿಂದ 2258 ಮೀಟರ್ ಎತ್ತರದಲ್ಲಿದೆ. ಊಟಿ ಸುಮಾರು 2200 ಮೀಟರ್, ಶಿಮ್ಲಾ ನಿಲ್ದಾಣ ಸುಮಾರು 2075 ಮೀಟರ್. ಅಲ್ಲಿನ ಗಾಳಿಯಲ್ಲೂ ಆಮ್ಲಜನಕದ ಪಾಲು ಇಲ್ಲಿಯಂತೆ ಶೇ. 21. ಕಡಿಮೆಯಾಗುವುದು ಗಾಳಿಯ ಒತ್ತಡ. ಸಮುದ್ರಮಟ್ಟದಲ್ಲಿರುವುದರ ಸುಮಾರು ಮುಕ್ಕಾಲು ಭಾಗ ಅಲ್ಲಿರುತ್ತದೆ. ಹಾಗಾಗಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಕಡಿಮೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ.

ಎತ್ತರದ ಕಾಯಿಲೆ ಸಾಮಾನ್ಯವಾಗಿ 2500 ಮೀಟರ್ ದಾಟಿದ ಮೇಲಿನ ಮಾತು. ಆರೋಗ್ಯವಂತರು ಈ ಮೂರೂ ಊರುಗಳಿಗೆ ಹೆದರುವ ಅಗತ್ಯವಿಲ್ಲ. ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರುವವರು ಹೊರಡುವ ಮುನ್ನ ತಮ್ಮ ಡಾಕ್ಟರನ್ನು ಕೇಳಬೇಕು. ಕರ್ಪೂರದ ವಾಸನೆಯಿಂದ ಮೂಗು ಬಿಚ್ಚಿದಂತೆ ಅನ್ನಿಸಬಹುದು, ಆದರೆ ರಕ್ತದಲ್ಲಿ ಆಮ್ಲಜನಕ ಹೆಚ್ಚುವುದಿಲ್ಲ. ಪುಟ್ಟ ಮಕ್ಕಳು ಅದನ್ನು ಬಾಯಿಗೆ ಹಾಕಿಕೊಂಡರೆ ವಿಷ, ಫಿಟ್ಸ್ ಬರಬಹುದು. ಕರ್ಪೂರ ದೇವರ ಮುಂದೆಯೇ ಇರಲಿ.

ನಿಜವಾಗಿ ಕಾಡುವುದು ಬೇರೆ ಎರಡು. ಒಂದು, ತಿರುವುಗಳಲ್ಲಿ ಬರುವ ವಾಂತಿ. ದೇಹ ಓಲಾಡುತ್ತಿದೆ ಎಂದು ಒಳಕಿವಿ ಹೇಳುತ್ತದೆ, ಮೊಬೈಲ್ ಪರದೆ ನೋಡುತ್ತಿರುವ ಕಣ್ಣು ಏನೂ ಅಲುಗಾಡುತ್ತಿಲ್ಲ ಅನ್ನುತ್ತದೆ. ಈ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. ಫೋನ್ ಕೆಳಗಿಟ್ಟು ದೂರದ ಬೆಟ್ಟ ನೋಡಿ, ಹೊಟ್ಟೆತುಂಬ ತಿಂದು ಹತ್ತಬೇಡಿ. ಇನ್ನೊಂದು, ಹೊಗೆ. ಉಗಿ ಎಂಜಿನ್ನಿನ ಹೊಗೆ ಸುರಂಗದಲ್ಲಿ ಬೋಗಿಯೊಳಗೆ ನುಗ್ಗುತ್ತದೆ. ಆಸ್ತಮಾ ಇರುವವರು ಇನ್‌ಹೇಲರನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ, ಸಾಧ್ಯವಾದರೆ ಡೀಸೆಲ್ ರೈಲು ಆರಿಸಿ. ಪುಟ್ಟ ಬೋಗಿಯಲ್ಲಿ ಶೌಚಾಲಯ ಇರುತ್ತದೆಂದು ನಂಬಿ ಹತ್ತಬೇಡಿ. ನೀಲಗಿರಿ ರೈಲಿನಲ್ಲಿ ನಿಲ್ದಾಣಗಳಲ್ಲಿ ಇಳಿದಾಗಲೇ ಮುಗಿಸಿಕೊಳ್ಳಬೇಕು. ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ ಇದನ್ನು ಮೊದಲೇ ಹೇಳಿ.

ರೈಲು ನಿಧಾನ ಎಂದು ಕಿಟಕಿಯಿಂದ ತಲೆ ಹೊರಹಾಕಿ ರೀಲ್ಸ್ ಮಾಡುವುದು ಬೇಡವೇ ಬೇಡ. ಈ ಮಾರ್ಗಗಳಲ್ಲಿ ಬಂಡೆ, ಕಂಬ, ಸುರಂಗದ ಗೋಡೆ ಬೋಗಿಗೆ ತೀರ ಹತ್ತಿರ ಇರುತ್ತವೆ.

ಬರೋಗ್ ಸುರಂಗದ ಭೂತದ ಕತೆ

ಶಿಮ್ಲಾ ರೈಲಿನ ಬಗ್ಗೆ ಬರುವ ಫಾರ್ವರ್ಡುಗಳಲ್ಲಿ ಇದಕ್ಕೆ ಮೊದಲ ಸ್ಥಾನ. ಬರೋಗ್ ಎಂಬ ಇಂಜಿನಿಯರ್ ಎರಡೂ ಕಡೆಯಿಂದ ಸುರಂಗ ತೋಡಿಸಿದ, ಎರಡೂ ಸೇರಲಿಲ್ಲ, ಅವನಿಗೆ ಒಂದು ರೂಪಾಯಿ ದಂಡ ಹಾಕಿದರು, ಅವಮಾನ ತಾಳದೆ ಜೀವ ಕಳೆದುಕೊಂಡ, ಅವನ ಆತ್ಮ ಅಲ್ಲೇ ತಿರುಗುತ್ತದೆ ಎಂಬ ಕತೆ. ಜನ ಹೇಳುತ್ತಾ ಬಂದ ಕತೆಯನ್ನು ಕತೆಯಾಗಿಯೇ ಕೇಳೋಣ, ಭೂತಕ್ಕಂತೂ ಪುರಾವೆ ಇಲ್ಲ. ಗಟ್ಟಿಯಾಗಿ ಹೇಳಬಹುದಾದದ್ದು ಇಷ್ಟು: ಇವತ್ತು ರೈಲು ಓಡುವ ಬರೋಗ್ ಸುರಂಗದ ಸಂಖ್ಯೆ 33, ಉದ್ದ 1143 ಮೀಟರ್‌ಗಿಂತ ತುಸು ಹೆಚ್ಚು, ಈ ಮಾರ್ಗದಲ್ಲಿ ಅದೇ ಅತಿ ಉದ್ದದ್ದು. ಹರಿಂಗ್‌ಟನ್ ಎಂಬ ಇಂಜಿನಿಯರರ ಕಾಲದಲ್ಲಿ ಅದು ಮುಗಿಯಿತು. ಅವರಿಗೆ ದಾರಿ ತೋರಿದವರೆಂದು ಸ್ಥಳೀಯರಾದ ಬಾಬಾ ಭಲ್ಕು ಅವರನ್ನು ನೆನೆಯುತ್ತಾರೆ. ಶಿಮ್ಲಾದ ರೈಲು ಮ್ಯೂಸಿಯಂಗೆ ಅವರದೇ ಹೆಸರು.

ಸುರಂಗ ಒಟ್ಟು ಎಷ್ಟು? ಒಂದು ಮೆಸೇಜ್ 107 ಅನ್ನುತ್ತದೆ, ಇನ್ನೊಂದು 103, ಮತ್ತೊಂದು 102. ಮೂರಕ್ಕೂ ಆಧಾರ ಇದೆ! ಮೊದಲು ಕಟ್ಟಿದ್ದು 107. ಅವುಗಳಲ್ಲಿ ನಾಲ್ಕನ್ನು ಕೈಬಿಟ್ಟು ಮತ್ತೆ ಸಂಖ್ಯೆ ಕೊಟ್ಟಾಗ 103 ಆಯಿತು. ಮುಂದೆ 46ನೆಯದು ಹೋಗಿ ಈಗ ಬಳಕೆಯಲ್ಲಿರುವುದು 102. ಆದರೂ ಶಿಮ್ಲಾದ ಹತ್ತಿರದ ಕೊನೆಯ ಸುರಂಗದ ಸಂಖ್ಯೆ 103ರಲ್ಲೇ ಉಳಿದಿದೆ.

ಮೊದಲು ಮ್ಯೂಸಿಯಂ, ಆಮೇಲೆ ರೈಲು

ನಮ್ಮ ಸಲಹೆ ಇದು: ದೂರದ ಬೆಟ್ಟಕ್ಕೆ ಹೋಗುವ ಮುನ್ನ ಮಕ್ಕಳಿಗೆ ಹತ್ತಿರದ ರೈಲು ಮ್ಯೂಸಿಯಂ ತೋರಿಸಿ. ಓಡುವ ರೈಲಿನಲ್ಲಿ ಎಂಜಿನ್ನಿನ ಕೆಳಗೆ ಬಗ್ಗಿ ನೋಡಲು ಆಗುವುದಿಲ್ಲ, ಮ್ಯೂಸಿಯಮ್ಮಿನಲ್ಲಿ ಆಗುತ್ತದೆ. ಚಕ್ರ, ಅಚ್ಚು, ಬಾಯ್ಲರ್, ಪಿಸ್ಟನ್ ಎಲ್ಲ ಕೈಗೆಟಕುವ ದೂರದಲ್ಲಿರುತ್ತವೆ.

ಮೈಸೂರು ರೈಲ್ವೆ ನಿಲ್ದಾಣದ ಹತ್ತಿರ, ಕೆಆರ್‌ಎಸ್ ರಸ್ತೆಯಲ್ಲಿರುವ ರೈಲು ಮ್ಯೂಸಿಯಂ 1979ರಲ್ಲಿ ಶುರುವಾಯಿತು. ಮಹಾರಾಣಿಯವರ ಸಲೂನ್ ಬೋಗಿ ಅಲ್ಲಿನ ಆಕರ್ಷಣೆ. ಉತ್ತರ ಕರ್ನಾಟಕದವರಿಗೆ 2020ರಲ್ಲಿ ತೆರೆದ ಹುಬ್ಬಳ್ಳಿಯ ಮ್ಯೂಸಿಯಂ ಹತ್ತಿರ. ಅಲ್ಲಿನ ಎರಡು ಹಳೆಯ ಕಟ್ಟಡಗಳಿಗೆ ಮಲಪ್ರಭಾ, ಘಟಪ್ರಭಾ ಎಂದು ನದಿಗಳ ಹೆಸರಿಟ್ಟಿದ್ದಾರೆ. ದೆಹಲಿಗೆ ಹೋದವರು ಚಾಣಕ್ಯಪುರಿಯ ರಾಷ್ಟ್ರೀಯ ರೈಲು ಮ್ಯೂಸಿಯಂ ಬಿಡಬೇಡಿ. 1977ರಲ್ಲಿ ಶುರುವಾದ ಇಲ್ಲಿ ಡಾರ್ಜಿಲಿಂಗ್ ರೈಲಿನ ಎಂಜಿನ್, ಒಂದೇ ಹಳಿಯ ಮೇಲೆ ಓಡುತ್ತಿದ್ದ ಪಟಿಯಾಲದ ಮೋನೋರೈಲು ಇವೆ. ಶಿಮ್ಲಾಕ್ಕೆ ಹೋಗುವ ದಾರಿಯಲ್ಲೇ ನೋಡಿಕೊಂಡು ಹೋಗಬಹುದು. ಡಾರ್ಜಿಲಿಂಗ್ ಜಾಯ್ ರೈಡ್‌ನಲ್ಲಿ ಘೂಮ್‌ನ ಪುಟ್ಟ ಮ್ಯೂಸಿಯಂ ಹೇಗೂ ಸಿಗುತ್ತದೆ. ಮ್ಯೂಸಿಯಮ್ಮಿಗೆ ವಾರದಲ್ಲೊಂದು ರಜೆ ಇರಬಹುದು, ಹೊರಡುವ ಮುನ್ನ ಯಾವ ದಿನವೆಂದು ನೋಡಿ.

ಹೋಗುವಾಗ ದರ್ಜಿ ಅಂಗಡಿಯಲ್ಲಿ ಸಿಗುವ ಅಳತೆ ಟೇಪ್ ಒಂದನ್ನು ಜೇಬಿಗೆ ಹಾಕಿಕೊಳ್ಳಿ. ಮ್ಯೂಸಿಯಮ್ಮಿನಲ್ಲಿ ನಿಲ್ಲಿಸಿರುವ ಎಂಜಿನ್ನಿನ ಹಳಿಗಳ ಒಳ ಅಂತರವನ್ನು ಮಕ್ಕಳಿಂದಲೇ ಅಳೆಸಿ. 1000 ಬಂತೇ, 762 ಬಂತೇ? ಮುಂದೆ ಯಾವ ಫಾರ್ವರ್ಡ್ ಬಂದರೂ ಆ ಮಗುವೇ ಸರಿ-ತಪ್ಪು ಹೇಳುತ್ತದೆ. ಓಡುವ ಮಾರ್ಗದ ಹಳಿಗೆ ಮಾತ್ರ ಇಳಿಯಬಾರದು.

ನಮ್ಮಲ್ಲೂ ಇತ್ತು ನ್ಯಾರೋಗೇಜ್

ಇಷ್ಟೆಲ್ಲ ಓದಿದ ಮೇಲೆ "ಕರ್ನಾಟಕದಲ್ಲಿ ಇಂಥದ್ದು ಇರಲಿಲ್ಲವೇ?" ಎಂಬ ಪ್ರಶ್ನೆ ಬರುತ್ತದೆ. ಇತ್ತು. ಬೆಂಗಳೂರಿನಿಂದ ದೇವನಹಳ್ಳಿ, ಚಿಕ್ಕಬಳ್ಳಾಪುರ, ಕೋಲಾರ ಹಾದು ಬಂಗಾರಪೇಟೆಗೆ ಎರಡೂವರೆ ಅಡಿಯ ಹಳಿ ಇತ್ತು. ಮಲೆನಾಡಿನಲ್ಲಿ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡು ಅಡಿ ಹಳಿಯ ಟ್ರಾಮ್ ಓಡುತ್ತಿತ್ತು. ತರೀಕೆರೆಯ ಟ್ರಾಮ್ ಇಲ್ಲವಾಗಿದೆ. ಕೋಲಾರದ ಕಡೆಯ ಹಳಿ ಹಂತಹಂತವಾಗಿ ಬ್ರಾಡ್‌ಗೇಜ್ ಆಯಿತು, ಕೋಲಾರ–ಚಿಕ್ಕಬಳ್ಳಾಪುರ ಭಾಗ 2013ರಲ್ಲಿ ತೆರೆಯಿತು.

ಇದನ್ನು ಬರೀ ನಷ್ಟ ಅನ್ನಲಾಗದು. ಒಂದು ಗೇಜಿನಿಂದ ಇನ್ನೊಂದಕ್ಕೆ ಬರುವಲ್ಲಿ ಮೂಟೆ ಇಳಿಸಿ ಮತ್ತೆ ಏರಿಸಬೇಕಿತ್ತು, ಜನ ರೈಲು ಬದಲಿಸಬೇಕಿತ್ತು. ದೇಶಕ್ಕೆಲ್ಲ ಒಂದೇ ಗೇಜ್ ಎಂಬ ಯೋಜನೆ 1992ರಲ್ಲಿ ಬಂದದ್ದು ಅದಕ್ಕೇ. ಕೋಲಾರದ ತರಕಾರಿಗೆ, ದಿನವೂ ಓಡಾಡುವ ಕೆಲಸಗಾರರಿಗೆ ದೊಡ್ಡ ರೈಲು ಬೇಕಿತ್ತು. ಡಾರ್ಜಿಲಿಂಗ್, ಶಿಮ್ಲಾಗಳಲ್ಲಿ ಪುಟ್ಟ ರೈಲು ಉಳಿದದ್ದು ಬೆಟ್ಟವನ್ನು ಅಗಲ ಮಾಡಲಾಗದ್ದರಿಂದ, ಮತ್ತು ಅದನ್ನು ನೋಡಲೆಂದೇ ಜನ ಹೋಗುತ್ತಿರುವುದರಿಂದ. ನೀವು ತೆಗೆದುಕೊಳ್ಳುವ ಒಂದು ಟಿಕೆಟ್ ಕೂಡ ಆ ಉಳಿವಿನ ಲೆಕ್ಕಕ್ಕೆ ಸೇರುತ್ತದೆ.

ನಮ್ಮ ಹಳಿ ಹೋದರೂ ಕಟ್ಟಡಗಳು ಪೂರ್ತಿ ಹೋಗಿಲ್ಲ. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್‌ನ ಹಳೆಯ ಪುಟ್ಟ ನಿಲ್ದಾಣಗಳ ಜೀರ್ಣೋದ್ಧಾರಕ್ಕೆ ರೈಲ್ವೆಯ ಜೊತೆ ಇಂಟ್ಯಾಕ್ ಸಂಸ್ಥೆ ಕೈಹಾಕಿತು. ನಂದಿಬೆಟ್ಟಕ್ಕೆ ಹೋಗುವ ಭಾನುವಾರ ನಂದಿ ಹಾಲ್ಟ್ ಕಡೆ ಹತ್ತು ನಿಮಿಷ ಗಾಡಿ ನಿಲ್ಲಿಸಬಹುದು. ಚಿಕ್ಕಬಳ್ಳಾಪುರ, ಕೋಲಾರ ಕಡೆಯ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಆ ರೈಲಿನಲ್ಲಿ ಹೋಗುತ್ತಿದ್ದ ದಿನಗಳನ್ನು ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಯಾವ ಮ್ಯೂಸಿಯಮ್ಮಿನಲ್ಲೂ ಸಿಗದ ಸಂಗತಿ ಅದು.

ಕೊನೆಗೆ, ಫಾರ್ವರ್ಡ್ ಮಾಡಲು ಇಷ್ಟು ಸಾಕು:

1. ಊಟಿ ರೈಲು ಮೀಟರ್‌ಗೇಜ್. ಡಾರ್ಜಿಲಿಂಗ್, ಶಿಮ್ಲಾ, ಮಾಥೇರಾನ್, ಕಾಂಗ್ಡಾ ನ್ಯಾರೋಗೇಜ್.
2. ಮಳೆಗಾಲದಲ್ಲಿ ಬೆಟ್ಟದ ರೈಲು ನಿಲ್ಲಬಹುದು. ಊಟಿಗೆ ಅಕ್ಟೋಬರ್–ಡಿಸೆಂಬರ್ ಕೂಡ ಮಳೆಗಾಲವೇ.
3. ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ಐಆರ್‌ಸಿಟಿಸಿಯಲ್ಲಿ ಮಾತ್ರ ಬುಕ್ ಮಾಡಿ, ಬಂದ ಲಿಂಕ್ ಒತ್ತಬೇಡಿ.
4. ರೈಲು ಓಡುತ್ತಿದೆಯೇ ತಿಳಿಯಲು 139. ಹಣ ಮೋಸ ಹೋದರೆ 1930.
5. ಕರ್ಪೂರ ಬೇಡ. ಇನ್‌ಹೇಲರ್, ಸ್ವೆಟರ್, ನೀರು ಇರಲಿ.
6. ಫೋಟೋ, ವಿಡಿಯೋ ಬಂದರೆ ಎಲ್ಲಿಯದು, ಯಾವಾಗಿನದು ಎಂದು ಕೇಳಿದ ಮೇಲೆಯೇ ಮುಂದಕ್ಕೆ ಕಳಿಸಿ.

ಈ ಆರು ಸಾಲನ್ನು ನಿಮ್ಮ ಫ್ಯಾಮಿಲಿ ಗ್ರೂಪಿಗೆ ಹಾಕಿ. ರಜೆಗೆ ಮುನ್ನವೇ ಹಾಕಿದರೆ ಒಳ್ಳೆಯದು, ಟಿಕೆಟ್ ಬುಕ್ ಆಗುವ ಮೊದಲೇ ಯಾರಿಗಾದರೂ ಉಪಯೋಗಕ್ಕೆ ಬರುತ್ತದೆ.